ಬೋರ್ಡಿಲ್ಲದ ಅಂಗಳ

ಅದು ಎಲ್ಡೆನ್‌ನ ಪಿಕಪ್ಪೇ, ಆ ಕೆಮ್ಮು ಊರಿನ ಬೇರೆ ಯಾವ ಗಾಡಿಗೂ ಇಲ್ಲ, ಸೈಲೆನ್ಸರ್ ಬದಲಾಯಿಸೋ ಎಂದು ಹೋದ ಚಳಿಗಾಲದಿಂದ ಹೇಳುತ್ತಲೇ ಇದ್ದೇನೆ, ಆಗ್ಲಿ ಅಕ್ಕಾ ಎಲೆಕ್ಷನ್ ಮುಗೀಲಿ, ಮುಗಿಯಿತಲ್ಲ, ಈಗ ಮುಗಿಯಿತು — ಕಿಟಕಿಯ ಗಾಜಿಗೆಲ್ಲ ಹಬೆ, ತೋಳಿನಿಂದ ಒರೆಸಿ ನೋಡಿದರೆ ಬೀದಿಯ ಆ ತುದಿಯಲ್ಲಿ, ಪ್ರೆಬಿಚ್ ಅಜ್ಜಿಯ ಮನೆ ಮುಂದೆ ಗಾಡಿ ನಿಂತಿದೆ, ಹಿಂದುಗಡೆ ನೀಲಿ ಬೋರ್ಡುಗಳ ರಾಶಿ, ಒಂದೊಂದರ ಮೇಲೂ ದೊಡ್ಡ ಬಿಳಿ ಅಕ್ಷರದಲ್ಲಿ ಕಾಂಗಸ್, ನಮ್ಮಪ್ಪನ ಹೆಸರು, ನಾನು ಮದುವೆಯಾಗಿ ಬಿಟ್ಟು ಬಂದ ಹೆಸರು. ಚುನಾವಣೆ ಮುಗಿದ ಮೇಲೆ ಬೆಂಬಲಿಗರ ಅಂಗಳದಲ್ಲಿ ನೆಟ್ಟ ಬೋರ್ಡನ್ನು ನಿಂತವನು ತಾನೇ ಕಿತ್ತುಕೊಂಡು ಹೋಗಬೇಕು, ಇಲ್ಲಿ ಅದು ಮರ್ಯಾದೆ, ಗೆದ್ದವನಾದರೂ ಯಾರನ್ನೋ ಕಳಿಸಬಹುದು, ಸೋತವನು ತಾನೇ ಬರಬೇಕು. ಗೆದ್ದಾಗಲೂ ನನ್ನ ತಮ್ಮ ತಾನೇ ಬರುತ್ತಿದ್ದ, ಬೀದಿಯನ್ನೆಲ್ಲ ಮುಗಿಸಿ ಕೊನೆಗೆ ನಮ್ಮ ಮನೆ, ಬೂಟು ಕಳಚದೆ ಒಳಗೆ ನುಗ್ಗಿ, ಅಕ್ಕಾ ಕಾಫಿ, ಅಕ್ಕಾ ಬ್ರೆಡ್ಡು, ನಾನು ಪೊರಕೆ ಹಿಡಿದು ಬೈಯುತ್ತಿದ್ದೆ, ನೀನು ಸೇಂಟ್ ಪಾಲಲ್ಲಿ ಶಾಸಕ ಕಣಯ್ಯಾ, ಇಲ್ಲಿ ಬೂಟು ಬಿಡು. ಈ ಸಲವೂ ಏಲಕ್ಕಿ ಹಾಕಿ ಬ್ರೆಡ್ಡು ಬೇಯಿಸಿದ್ದೇನೆ, ಯಾರಿಗೆ ಅಂತ ಬೇಯಿಸಿದೆನೋ, ನಮ್ಮ ಅಂಗಳದಲ್ಲಿ ಬೋರ್ಡೇ ಇಲ್ಲ, ಅವನು ಇಲ್ಲಿ ನಿಲ್ಲಿಸುವುದಕ್ಕೆ ಕಾರಣವೇ ಇಲ್ಲ.

ನಾನೇ ಕಿತ್ತದ್ದು. ಎರಡು ಬೋರ್ಡು ಇದ್ದವು, ಗಾಡಿ ಬರುವ ದಾರಿಯ ಈ ಪಕ್ಕ ನನ್ನ ನೀಲಿ, ಆ ಪಕ್ಕ ಡುವೇನ್‌ನ ಕೆಂಪು, ಗಂಡ ಒಂದು ಪಕ್ಷ ಹೆಂಡತಿ ಒಂದು ಪಕ್ಷ, ಬೀದಿಗೆಲ್ಲ ತಮಾಷೆ, ಅಂಚೆಯವನು ದಿನಾ ಕೇಳುತ್ತಿದ್ದ, ಏನ್ ಮಾರ್ಲಿಸ್ ಇವತ್ತು ಮನೇಲಿ ಯಾರ ಸರ್ಕಾರ, ಅಡುಗೆಮನೆ ನನ್ನ ಕೈಲಿದೆ ಕಣಪ್ಪಾ, ಉಳಿದಿದ್ದನ್ನ ಅವರೇ ಇಟ್ಕೊಳ್ಳಲಿ — ನಗುತ್ತಿದ್ದೆ ಆಗ. ಡುವೇನ್‌ನನ್ನು ವಸಂತದಲ್ಲಿ ಕಬ್ಬಿಣದ ಗಣಿಯಿಂದ ತೆಗೆದರು, ಕೆರೆಯ ಆಚೆ ತಾಮ್ರದ ಗಣಿ ಬರುತ್ತದೆ, ಬಂದರೆ ಕೆಲಸ, ಅದಕ್ಕೆ ಸದನದಲ್ಲಿ ಬೇಡ ಎಂದು ಕೈ ಎತ್ತಿದವನು ನನ್ನ ತಮ್ಮ, ಆಗಲಿ ಎಂದವನು ಅವನೆದುರು ನಿಂತ ಹಾಕಿ ಆಟದ ಕೋಚು, ಅವನೇ ಗೆದ್ದದ್ದು. ಆದರೂ ಶನಿವಾರ ಶನಿವಾರ ಎಲ್ಡೆನ್ ನಮ್ಮ ಸೌನಾಕ್ಕೆ ಬರುವುದು ತಪ್ಪಿರಲಿಲ್ಲ, ಬಾವ ಬಾಮೈದ ಇಬ್ಬರೂ ಕಾದ ಕಲ್ಲಿಗೆ ನೀರು ಹುಯ್ದುಕೊಂಡು ಬೆವರುತ್ತ ಕೂರುವುದು, ಅಲ್ಲಿ ರಾಜಕೀಯ ಎತ್ತಬಾರದು, ಅಜ್ಜನ ಕಾಲದಿಂದ ಹಾಗೇ, ಬೆತ್ತಲೆ ಕೂತ ಮೇಲೆ ಯಾವ ಪಕ್ಷ. ಚುನಾವಣೆಗೆ ಮುಂಚಿನ ಶನಿವಾರ ಡುವೇನ್ ಎತ್ತಿದ. ಹಲಗೆಯ ಗೋಡೆ, ಹೊರಗೆ ಟವೆಲ್ ಹಿಡಿದು ನಿಂತ ನನಗೆ ಎಲ್ಲ ಕೇಳುತ್ತಿತ್ತು, ಬಾವ ಆ ಕೆರೆ ಒಂದ್ಸಲ ಕೆಟ್ರೆ ಮತ್ತೆ ಬರಲ್ಲ, ಕೆರೆ ನೀರು ಕುಡ್ಕೊಂಡು ಬದುಕ್ಲೇನೋ, ನಿನಗೇನಪ್ಪಾ ಸರ್ಕಾರಿ ಸಂಬಳ, ಉಗುರಲ್ಲಿ ಕೆಂಪು ಧೂಳು ಕಂಡು ಎಷ್ಟು ವರ್ಷ ಆಯ್ತು ನಿಂಗೆ, ನಮ್ಮಪ್ಪ ಆ ಧೂಳು ಕುಡಿದೇ ಸತ್ತಿದ್ದು ಬಾವ, ಹೌದಪ್ಪಾ, ಆದ್ರೆ ಸಾಯೋ ತನಕ ಅವರಿಗೆ ಕೆಲ್ಸ ಇತ್ತು. ಎಲ್ಡೆನ್ ಒದ್ದೆ ಕೂದಲಲ್ಲೇ ಹೊರಗೆ ಬಂದ, ಚಳಿಗೆ ತಲೆಯಿಂದ ಹಬೆ ಏಳುತ್ತಿತ್ತು, ಕಾಫಿ ಆಗಿದೆ ಕಣೋ, ಬೇಡ ಅಕ್ಕಾ, ಹೋದ.

ಮರುದಿನ ಚರ್ಚಿಗೆ ಹೊರಡುವ ಮೊದಲು ಎರಡನ್ನೂ ಕಿತ್ತು ಸೌದೆ ಕೊಟ್ಟಿಗೆಗೆ ಎಸೆದೆ, ನನ್ನ ಅಂಗಳದಲ್ಲಿ ಇಬ್ಬರೂ ಬೇಡ, ಸಾಕು, ಇದು ಮನೆ. ನ್ಯಾಯ ಮಾಡಿದೆ ಎಂದುಕೊಂಡೆ, ನನ್ನ ಬುದ್ಧಿಗೆ ಬೆಂಕಿ ಬೀಳಲಿ, ಕೆಂಪು ಹೋದದ್ದನ್ನು ಯಾರೂ ನೋಡಲಿಲ್ಲ, ನೀಲಿ ಹೋದದ್ದನ್ನು ಊರೆಲ್ಲ ನೋಡಿತು. ಅಂಗಡಿಯಲ್ಲಿ ಹಾಲು ತೆಗೆದುಕೊಳ್ಳುತ್ತಿದ್ದೆ, ಬೆನ್ನ ಹಿಂದೆಯೇ, ಸ್ವಂತ ಅಕ್ಕಾನೇ ಕಿತ್ತು ಹಾಕಿದ್ಳಂತೆ, ಅವಳಿಗೇ ಬೇಡ ಅಂದ್ಮೇಲೆ ನಮಗ್ಯಾಕೆ. ತಿರುಗಿ ಹೇಳಬೇಕಿತ್ತು. ಹಾಲು ಹಿಡಿದು ಬಂದೆ. ಸೋಮವಾರ ಅವನ ಗಾಡಿ ನಮ್ಮ ಮನೆ ಮುಂದೆ ನಿಧಾನ ಮಾಡಿತು, ಕೈ ಬೀಸಿದೆ, ನೋಡಲಿಲ್ಲವೋ, ನೋಡಿದನೋ. ಮಂಗಳವಾರ ಮತ ಹಾಕುವಾಗ ನಾನು ಮತಪತ್ರದಲ್ಲಿ ಅವನ ಹೆಸರಿನ ಮುಂದಿನ ಸೊನ್ನೆಯನ್ನು ಪೆನ್ನಿನಿಂದ ಎಷ್ಟು ಒತ್ತಿ ತುಂಬಿದೆನೆಂದರೆ ಕಾಗದ ಹರಿಯಬೇಕಿತ್ತು, ಅದನ್ನು ಯಾರಿಗೆ ತೋರಿಸಲಿ. ಒಂದು ಸ್ಕೂಲ್ ಬಸ್ಸಿನಲ್ಲಿ ಹಿಡಿಸುವಷ್ಟು ಮತ, ಅಷ್ಟರಲ್ಲಿ ಸೋತ, ಅವನ ಒಂದು ಸ್ಥಾನ ಹೋದದ್ದಕ್ಕೆ ರಾಜ್ಯದ ಸದನವೇ ಕೈ ಬದಲಾಯಿತು, ರೇಡಿಯೋದವಳು ನಮ್ಮೂರಿನ ಹೆಸರನ್ನು ತಪ್ಪು ತಪ್ಪಾಗಿ ಹೇಳುತ್ತಿದ್ದಳು, ಗಣಿಯವರ ಎದೆರೋಗಕ್ಕೆ ಅವನು ತರಬೇಕೆಂದಿದ್ದ ಕಾನೂನು ಇನ್ನು ಬರುವುದಿಲ್ಲ, ಡುವೇನ್ ಕೂತು ಕೇಳುತ್ತಿದ್ದ, ಕೇಳುತ್ತ ಕೆಮ್ಮುತ್ತಿದ್ದ. ಮಲಗಿದರೆ ಆ ಬಸ್ಸೇ ಕಣ್ಣ ಮುಂದೆ, ಯಾರು ಯಾರು ಕೂತಿದ್ದಾರೆ, ಅಂಗಡಿಯವಳು, ಅವಳ ಗಂಡ, ಮುಂದಿನ ಸೀಟಿನಲ್ಲಿ ನನ್ನವನು, ನಾನು ಹತ್ತಲಿಲ್ಲ ಎಲ್ಡೆನ್, ನಾನು ಆ ಬಸ್ಸು ಹತ್ತಲೇ ಇಲ್ಲ ಕಣೋ. ಫೋನ್ ಮಾಡಿದರೆ ಪ್ರಚಾರಕ್ಕೆಂದು ತುಂಬಿಟ್ಟ ನಗುಮುಖದ ದನಿ, ನಮಸ್ಕಾರ ನಾನು ಎಲ್ಡೆನ್ ಕಾಂಗಸ್, ನಿಮ್ಮ ಮಾತು ನನಗೆ ಮುಖ್ಯ.

ಬಂದ, ಪ್ರೆಬಿಚ್ ಅಜ್ಜಿಯ ಮನೆ ಮುಗಿಯಿತು, ಈಗ ಮೂಲೆ ಮನೆ, ಆಮೇಲೆ ನಾವು — ನಾವಲ್ಲ, ನಮ್ಮನ್ನು ಬಿಟ್ಟು ಮುಂದಿನ ಬೀದಿ. ಇವತ್ತು ಜಿಂಕೆ ಬೇಟೆ ಶುರು, ಗಂಡಸರೆಲ್ಲ ಕಾಡಿನಲ್ಲಿ, ಪ್ರತಿ ವರ್ಷ ಅಪ್ಪನ ಗುಡಿಸಲಿಗೆ ಇವರಿಬ್ಬರೂ ಒಟ್ಟಿಗೆ ಹೋಗುತ್ತಿದ್ದರು, ಈ ಸಲ ಡುವೇನ್ ಒಬ್ಬನೇ ಹೋದ, ಎರಡು ಬಟ್ಟಲು ಕಟ್ಟಿಕೊಂಡ, ಅಭ್ಯಾಸ, ಒಂದನ್ನು ತೆಗೆದು ಮೇಜಿನ ಮೇಲಿಟ್ಟ. ಚಪ್ಪಲಿಯಲ್ಲೇ ಓಡುತ್ತಿದ್ದೇನೆ, ಹಿತ್ತಲಲ್ಲಿ ಹಿಮ, ಸೌದೆ ಕೊಟ್ಟಿಗೆ, ಕೆಂಪು ಮೇಲಿದೆ ನೀಲಿ ಕೆಳಗಿದೆ, ಎಳೆ, ಅಂಗಳಕ್ಕೆ ಓಡು, ನೆಡು — ನೆಲ ಕಲ್ಲಾಗಿದೆ, ಹೆಪ್ಪುಗಟ್ಟಿಬಿಟ್ಟಿದೆ, ತಂತಿಯ ಕಾಲು ಒಳಗೆ ಇಳಿಯುವುದಿಲ್ಲ, ಒತ್ತಿದರೆ ಬಾಗುತ್ತದೆ, ಹಳೆಯ ತೂತು ಎಲ್ಲಿ, ಹಿಮ ಮುಚ್ಚಿದೆ, ಬಂದ, ಕೆಮ್ಮುತ್ತ ಬಂತು ಗಾಡಿ, ಇರಲಿ, ನಾನೇ ಹಿಡಿದು ನಿಲ್ಲುತ್ತೇನೆ, ರಸ್ತೆಯ ಅಂಚಿಗೆ, ಎದೆಗೆ ಅವುಚಿಕೊಂಡು, ನೋಡೋ, ಇದೆ, ನಮ್ಮನೆಯಲ್ಲೂ ಇದೆ, ನಿಲ್ಲಿಸೋ.

ನಿಲ್ಲಿಸಿದ. ಇಳಿದ. ಗಡ್ಡ ಬೋಳಿಸಿಲ್ಲ, ಕಣ್ಣು ಗುಳಿಬಿದ್ದಿದೆ, ಹೇಳಬೇಕು, ನಾನು ಓಟು ನಿನಗೇ ಹಾಕಿದ್ದು ಕಣೋ, ಜಗಳ ಬೇಡ ಅಂತ ಕಿತ್ತೆ ಕಣೋ, ಹಲ್ಲು ಕಟಕಟ, ಎಲ್ಡೆನ್, ಒಳಗ್ಬಾರೋ, ಕಾಫಿ, ಅಷ್ಟೇ ಬಂತು ಬಾಯಿಂದ. ಅವನು ನನ್ನ ಎದೆಯಿಂದ ಬೋರ್ಡನ್ನು ಬಿಡಿಸಿಕೊಂಡ, ನಿಧಾನವಾಗಿ, ಬಾಗಿದ ತಂತಿಯನ್ನು ಮೊಣಕಾಲಿಗೆ ಕೊಟ್ಟು ನೆಟ್ಟಗೆ ಮಾಡಿದ, ರಾಶಿಯ ಮೇಲಿಟ್ಟ. ಅಕ್ಕಾ ಅನ್ನುತ್ತಾನೆ ಈಗ, ಟೋಪಿಯನ್ನು ನನ್ನ ಕಣ್ಣಿನವರೆಗೂ ಎಳೆದು ನಗುತ್ತಾನೆ ಎಂದು ಕಾದೆ, ಚಿಕ್ಕವನಿದ್ದಾಗಿನಿಂದ ಅದೇ ಅವನ ನಮಸ್ಕಾರ, ತಲೆಗೆ ಟೋಪಿಯಿಲ್ಲ ನನಗೆ, ಓಡಿ ಬಂದೆನಲ್ಲ. ಹಲ್ಲಿನಿಂದ ಕೈಗವಸಿನ ತುದಿ ಕಚ್ಚಿ ಎಳೆದ. ಹೊರಗಿನವರ ಕೈ ಕುಲುಕುವಾಗ ಗವಸು ತೆಗೀಬೇಕು ಕಣೋ ಮಗನೇ, ಎಷ್ಟೇ ಚಳಿ ಇರ್ಲಿ, ಅಪ್ಪ ಅವನಿಗೆ ಕಲಿಸಿದ್ದು. ಕೈ ಚಾಚಿದ. ಬೆಂಬಲ ಕೊಟ್ಟಿದ್ದಕ್ಕೆ ತುಂಬಾ ಥ್ಯಾಂಕ್ಸ್. ಪ್ರತಿ ಮನೆಯ ಮುಂದೆ ಹೇಳುವ ಮಾತು, ಅದೇ ದನಿ, ತಪ್ಪಿಲ್ಲದ ದನಿ, ಎಲ್ಡೆನ್, ನಾನು ಕಣೋ, ಗಾಡಿ ಹೋಯಿತು, ಬೀದಿ ದಾಟಿತು, ಕೆಮ್ಮೂ ಕೇಳಿಸುತ್ತಿಲ್ಲ, ಇನ್ನೂ ನನ್ನ ಮುಂದೆ ಆ ಕೈ, ಗವಸು ತೆಗೆದ ಕೈ, ಚಳಿಗೆ ಕೆಂಪಾದ ಗೆಣ್ಣು, ನಾನು ಅದನ್ನು ಕುಲುಕಿದೆ, ಕುಲುಕಿಬಿಟ್ಟೆ, ಆ ಬರಿಗೈ —