ಕರಡಿಗೆಯ ಕೆಳಗಿನ ಗಾಯ

ನಿಲಂಗಾದಿಂದ ಉದಗೀರದವರೆಗೆ ನನ್ನಷ್ಟು ದೊಡ್ಡ ಬೆಳ್ಳಿ ಕರಡಿಗೆ ಕೊರಳಿಗೆ ಕಟ್ಟಿಕೊಂಡ ಹೆಂಗಸಿಲ್ಲ. ಇಷ್ಟಲಿಂಗದ ಜೊತೆಗೆ ಒಬ್ಬ ಜಂಗಮರನ್ನೂ ಅದರಲ್ಲಿ ಕೂರಿಸಬಹುದು. ಭೂಕಂಪದ ದಿನ ನಮ್ಮೂರು ಕಾಸಾರಶಿರಸಿಯ ಗೋಡೆಗಳೆಲ್ಲ ಕುಣಿದರೂ ಈ ಸರಸ್ವತಿಬಾಯಿ ಅಲುಗಲಿಲ್ಲ. ಕರಡಿಗೆಯ ಭಾರಕ್ಕೆ ಭೂಮಿಯೇ ಸುಮ್ಮನಾಯಿತು ಎಂದು ನಾನು ಇವತ್ತಿಗೂ ಹೇಳುತ್ತೇನೆ.

ಹಾಗಾಗಿ ಎಡಮೊಲೆಯ ತೊಟ್ಟು ಕೆಂಪಾಗಿ ಸಿಪ್ಪೆ ಏಳತೊಡಗಿದಾಗ ತೀರ್ಪು ಕೊಟ್ಟವಳೂ ನಾನೇ: ಕರಡಿಗೆ ಉಜ್ಜಿದೆ. ಅತ್ತೆ ಕಲ್ಯಾಣಮ್ಮ ಹೌದೆಂದರು. ಕಿರಾಣಿ ಅಂಗಡಿ ನಡೆಸುವ ಗಂಡ ಗುರುಲಿಂಗ, ಅತ್ತೆ ಹೌದೆಂದದ್ದಕ್ಕೆ ಹೌದೆಂದ. ಅಕ್ಕಸಾಲಿಗ ಅಂಚು ತಿಕ್ಕಿ ನುಣುಪು ಮಾಡಿದ. ಕರಡಿಗೆ ಕಟ್ಟುವ ಶಿವದಾರ ಉದ್ದ ಮಾಡಿದೆ, ಗಿಡ್ಡ ಮಾಡಿದೆ. ಬೆಣ್ಣೆ ಹಚ್ಚಿದೆ, ಮರಾಠವಾಡಾದಲ್ಲಿ ಸಿಗುವ ಮುಲಾಮುಗಳನ್ನೆಲ್ಲ ಹಚ್ಚಿದೆ. ವರ್ಷ ಕಳೆಯಿತು. ಗಾಯ ಒಣಗುತ್ತಿತ್ತು, ಮತ್ತೆ ಒಸರುತ್ತಿತ್ತು.

ಕೊನೆಗೆ ಉದಗೀರದ ಡಾಕ್ಟರಬಾಯಿ ಗಾಯದಿಂದ ಎಳ್ಳಿನಷ್ಟು ಚರ್ಮ ತೆಗೆದು ತಪಾಸಣೆಗೆ ಕಳಿಸಿದಳು. ಊರಲ್ಲಿ ನಾನು ಹಪ್ಪಳದಷ್ಟು ಎಂದು ಹೇಳಿದೆ.

"ಇದು ಉಜ್ಜಿದ ಗಾಯ ಅಲ್ಲರೀ ಬಾಯಿ," ಎಂದಳು ಮುಂದಿನ ಸಲ. "ಪ್ಯಾಜೆಟ್ ಅಂತ ಕರೀತಾರ. ಎದಿ ಕ್ಯಾನ್ಸರಿನಾಗ ಭಾಳ ಅಪರೂಪದ್ದು."

"ನನಗ ಬಂದದಂದ್ರ ಅಪರೂಪದ್ದೇ ಇರಬೇಕಲ್ರೀ!"

ಅವಳು ತಪಾಸಣೆಯ ಕಾಗದ ತೋರಿಸಿದಳು. ಚರ್ಮದ ಪದರದಲ್ಲಿ ಸಣ್ಣ ಕೋಶಗಳು ಒತ್ತೊತ್ತಾಗಿ ಕೂತಿರುತ್ತವಂತೆ. ನನ್ನ ಚರ್ಮದಲ್ಲಿ ಅವುಗಳ ನಡುವೆ ದೊಡ್ಡ, ಬಿಳಚಿದ ಕೋಶಗಳು ಚದುರಿ ಕೂತಿವೆಯಂತೆ. ಹಾಲಿನ ನಾಳದೊಳಗಿಂದ ಮೇಲೇರಿ ಬಂದವು.

"ಒಳಗ ಎಷ್ಟದ ಅಂತ ಫೋಟೋ ತೆಗೀಬೇಕು. ಎದಿಮ್ಯಾಲಿಂದು ಬಿಚ್ಚರಿ."

ಬಾಗಿಲಿಗೆ ಅಡ್ಡ ನಿಂತಿದ್ದ ಅತ್ತೆ ಕೂಗಿದರು: "ಲಿಂಗ ಬಿಚ್ಚಿದ್ರ ಪ್ರಾಣ ಬಿಚ್ಚಿದಂಗ! ನಡಿ ಮನಿಗಿ!"

"ಫೋಟೋ ತೆಗೀಲಿಲ್ಲಂದ್ರೂ ಹಂಗೇ ಆಗ್ತದ್ರೀ ಅಜ್ಜಿ," ಎಂದಳು ಡಾಕ್ಟರಬಾಯಿ.

ಗಂಡ ಗೋಡೆಯ ಮೇಲಿನ ಕ್ಯಾಲೆಂಡರ್ ಓದುತ್ತಿದ್ದ. ಮುಂದೆ ಫೋಟೋ ತೆಗೆಯುವ ಯಂತ್ರ, ಹಿಂದೆ ಅತ್ತೆ. ನನಗೆ ಹೋಗಲು ಜಾಗವಿರಲಿಲ್ಲ.

ನಾನು ಕರಡಿಗೆ ತೆರೆದು ಲಿಂಗ ಹೊರತೆಗೆದು ಕರಡಿಗೆಯನ್ನು ಮೇಜಿನ ಮೇಲಿಟ್ಟೆ, ಸೆರಗಿನಂಚು ಹರಿದು ಲಿಂಗವನ್ನು ಸುತ್ತಿ ನೆತ್ತಿಯ ಮೇಲೆ ಕಟ್ಟಿಕೊಂಡೆ.

"ತಲಿಮ್ಯಾಲ ಯಾರರ ಕಟ್ಕೋತಾರೇನ, ಹುಚ್ಚಿ?" ಎಂದರು ಅತ್ತೆ.

"ಹಿಂದಿನ ಶರಣರು ಕಟ್ಕೊಂಡಿದ್ರಂತ. ನಾ ಏನ ಕಡಿಮಿ ಇದ್ದೀನಿ?"

ಡಾಕ್ಟರಬಾಯಿ ಅತ್ತೆಯನ್ನೂ ಗಂಡನನ್ನೂ ಹೊರಗೆ ಕಳಿಸಿದಳು. ಬಾಗಿಲು ಮುಚ್ಚಿತು.

ಯಂತ್ರದ ಕೆಳಗಿನ ಹಲಗೆ ತಣ್ಣಗಿತ್ತು. ಮೇಲಿನದು ಇಳಿದು ಮೊಲೆಯನ್ನು ರೊಟ್ಟಿಯಂತೆ ಒತ್ತಿ ಹಿಡಿಯಿತು. ಓಡಬೇಕೆಂದರೆ ಅದನ್ನಲ್ಲಿಯೇ ಬಿಟ್ಟು ಓಡಬೇಕು. "ಉಸಿರು ಹಿಡೀರಿ," ಎಂದಳು ಡಾಕ್ಟರಬಾಯಿ. ಹೊಟ್ಟೆಯಲ್ಲಿದ್ದ ದೊಡ್ಡ ಮಾತುಗಳೆಲ್ಲ ಆ ಉಸಿರಿನೊಡನೆ ಸಿಕ್ಕಿಕೊಂಡವು.

ಪರದೆಯಲ್ಲಿ ತೊಟ್ಟಿನ ಹಿಂದೆ ಬಿಳಿ ಹರಳುಗಳು ಹಿಟ್ಟು ಚೆಲ್ಲಿದಂತೆ ಹರಡಿದ್ದವು. ಡಾಕ್ಟರಬಾಯಿ ಅವನ್ನು ಬೆರಳಿಟ್ಟು ತೋರಿಸಿದಳು.

"ಮೊಲಿ ಪೂರಾ ತೆಗೀಬೇಕಾಗ್ತದ್ರೀ. ತಡಾ ಮಾಡಿದ್ರ ಕೈ ಮೀರ್ತದ."

ಹಲಗೆ ಯಾವಾಗಲೋ ಬಿಟ್ಟಿತ್ತು. ನಾನಿನ್ನೂ ಅದಕ್ಕೇ ಒತ್ತಿಕೊಂಡು ನಿಂತಿದ್ದೆ. ಹೊರಗೆ ಅತ್ತೆ ಬಾಗಿಲು ಬಡಿಯುತ್ತಿದ್ದರು.

"ಅವ್ರು ಒಳಗ ಬರೂ ಮುಂಚೆ ಆಪರೇಶನ್ನಿನ ತಾರೀಖು ಹೇಳ್ರಿ," ಎಂದೆ.