ಹದ ನೋಡುವ ಚಮಚ

ನಮ್ಮ ಮನೆಯಲ್ಲಿ ಟೊಮೆಟೊ ಸಾಸ್ ಕುದಿಸಲು ಎಲ್ಲರೂ ಬೇಕು, ರುಚಿ ನೋಡಲು ಅತ್ತೆ ಒಬ್ಬರೇ. ಅವರು ತಲೆಯಾಡಿಸದೆ ಒಂದು ಬಾಟಲಿಯೂ ತುಂಬುವಂತಿಲ್ಲ. "ಹೆಡ್ ಆಫೀಸು ಒಪ್ಪಿತಾ?" ಎಂದು ನಮ್ಮ ಯಜಮಾನರು ನನ್ನ ಕಿವಿಯಲ್ಲಿ ಕೇಳುತ್ತಾರೆ. ಮದುವೆಯಾಗಿ ಬಂದ ಒಂಬತ್ತು ವರ್ಷದಲ್ಲಿ ಅವರು ರುಚಿ ನೋಡುವ ಮರದ ಚಮಚವನ್ನು ನಾನು ತೊಳೆದಿದ್ದೇನೆಯೇ ಹೊರತು ಬಾಯಿಗಿಟ್ಟಿಲ್ಲ. ಅದಕ್ಕೆ ನನಗೆ ಸಿಟ್ಟಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಮೊದಲು ಲಾರಿಯವನು ಬಂದು ನಮ್ಮ ಹೊಲದ ಟೊಮೆಟೊ ಹಣ್ಣನ್ನು ಕ್ರೇಟುಗಟ್ಟಲೆ ಒಯ್ಯುತ್ತಿದ್ದ. ಸಣ್ಣದು, ಸೊಟ್ಟದು, ಚುಕ್ಕೆ ಬಿದ್ದದ್ದು ಎಲ್ಲ ಹೊಲದ ಬದುವಿಗೆ. ಅದನ್ನು ನೋಡಿ ಹೊಟ್ಟೆ ಉರಿದು ಅತ್ತೆ ಒಂದು ದಿನ ಹಿತ್ತಲಲ್ಲಿ ಒಲೆ ಹೂಡಿದರು. ಈಗ ಆ ಸೊಟ್ಟ ಹಣ್ಣೇ ನಮ್ಮನ್ನು ಸಾಕುತ್ತಿದೆ. ವಾರಕ್ಕೊಮ್ಮೆ ಪೇಟೆಯ ಸಂತೆಯಲ್ಲಿ ನಾವೇ ಮೇಜು ಹಾಕಿ ಮಾರುತ್ತೇವೆ. ಲಾರಿಯವನ ಕಾಲದಲ್ಲಿ ನಮ್ಮ ಹಣ್ಣು ಯಾರ ಬಾಯಿಗೆ ಹೋಯಿತೋ ನಮಗೆ ಗೊತ್ತಿರಲಿಲ್ಲ. ಈಗ ಹೊಗಳಿದರೂ ಬೈದರೂ ಎದುರಿಗೇ.

ಒಂದೊಂದು ಕೊಯ್ಲಿನ ಹುಳಿ ಒಂದೊಂದು ಥರ. ಸಕ್ಕರೆ, ಉಪ್ಪಿಗೆ ಅಳತೆ ಬರೆದಿಡಲು ಆಗುವುದಿಲ್ಲ, ನಾಲಿಗೆಯೇ ಹೇಳಬೇಕು. ಯಜಮಾನರ ನಾಲಿಗೆ ಲೆಕ್ಕಕ್ಕಿಲ್ಲ. ಬಿಸಿಯಾಗಿದ್ದರೆ ಅವರಿಗೆ ಎಲ್ಲವೂ "ಚೆನ್ನಾಗಿದೆ".

ಕಳೆದ ತಿಂಗಳು ಅತ್ತೆ ವಾರವಿಡೀ ಜ್ವರದಲ್ಲಿ ಮಲಗಿದರು. ಎದ್ದವರೇ ಮತ್ತೆ ಚಮಚ ಹಿಡಿದರು. ಆಮೇಲಿನ ಎರಡನೇ ಸಂತೆಯಲ್ಲಿ ನಮ್ಮ ಖಾಯಂ ಗಿರಾಕಿ ಟೈಲರಮ್ಮ, ಹಿಂದಿನ ವಾರ ಒಯ್ದಿದ್ದ ಬಾಟಲಿಯನ್ನು ತಂದು ಮೇಜಿನ ಮೇಲಿಟ್ಟಳು.

"ಯಾಕಮ್ಮಾ, ಈ ಸಲ ಹುಳಿ ಅಂದ್ರೆ ಹುಳಿ! ಮಕ್ಕಳು ಮುಟ್ತಾನೇ ಇಲ್ಲ."

"ನೀನೇ ಅವಕ್ಕೆ ಸಿಹಿ ಅಭ್ಯಾಸ ಮಾಡಿಸಿದ್ದೀಯ," ಎಂದರು ಅತ್ತೆ.

ಅವಳು ಮುಖ ಸಿಂಡರಿಸಿ ಹೊರಟಳು. ಹಿಂದೆ ನಿಂತಿದ್ದ ಇಬ್ಬರೂ ಮೆಲ್ಲಗೆ ಜಾರಿಕೊಂಡರು. ಮತ್ತೆ ಲಾರಿಯವನಿಗೇ ಫೋನ್ ಮಾಡುವ ಗತಿ ಬಂತೇ ಎಂದುಕೊಂಡೆ. ಮನೆಗೆ ಬಂದು ಆ ಬಾಟಲಿಗೆ ಕದ್ದು ಬೆರಳದ್ದಿ ನೆಕ್ಕಿದೆ. ಟೈಲರಮ್ಮ ಹೇಳಿದ್ದು ನಿಜ. ಅದನ್ನು ಅತ್ತೆಗೆ ಹೇಳುವ ಧೈರ್ಯ ನನಗಿರಲಿಲ್ಲ.

ಎರಡು ದಿನದ ಮೇಲೆ ಮುಂದಿನ ಅಂಗಳದಲ್ಲಿ ಬಾಟಲಿ ತೊಳೆಯುತ್ತಿದ್ದಾಗ ಸೀದ ವಾಸನೆ ಮೂಗಿಗೆ ಬಡಿಯಿತು. ಹಿತ್ತಲಿಗೆ ಓಡಿದೆ. ಸಾಸು ತಳ ಹಿಡಿದಿತ್ತು. ಅತ್ತೆ ಪಾತ್ರೆಯ ಪಕ್ಕದಲ್ಲೇ ಕೂತು ಆರಾಮವಾಗಿ ಹಣ್ಣು ಹೆಚ್ಚುತ್ತಿದ್ದರು.

"ಅತ್ತೆ, ವಾಸನೆ ಬರ್ಲಿಲ್ವಾ?"

ಅವರು ಪಾತ್ರೆ ನೋಡಿದರು, ನನ್ನನ್ನು ನೋಡಿದರು. "ಜ್ವರ ಬಂದಾಗಿಂದ ವಾಸನೆನೂ ಇಲ್ಲ, ರುಚಿನೂ ಇಲ್ಲ ಕಣೇ. ಏನು ತಿಂದ್ರೂ ಮಣ್ಣು ತಿಂದ ಹಾಗೆ. ಬಂದ್ರೆ ಬರಬಹುದು, ಇಲ್ಲಾಂದ್ರೆ ಇಲ್ಲ ಅಂದ್ರು ಡಾಕ್ಟ್ರು. ರುಚಿ ನೋಡೋದೂ ಹೋದ್ರೆ ಈ ಮನೇಲಿ ನನಗೇನು ಕೆಲಸ? ಅದಕ್ಕೇ ಹೇಳ್ಲಿಲ್ಲ."

ಒಂಬತ್ತು ವರ್ಷದ ಸಿಟ್ಟು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಇಬ್ಬರೂ ಸೇರಿ ಸೀದದ್ದನ್ನು ಗೊಬ್ಬರದ ಗುಂಡಿಗೆ ಸುರಿದು ಹೊಸ ಹಣ್ಣು ಬೇಯಲು ಇಟ್ಟೆವು. ಸಾಸು ಗಟ್ಟಿಯಾಗುತ್ತ ಬಂದಾಗ ಅತ್ತೆ ಚಮಚವನ್ನು ನನ್ನ ಕಡೆ ಚಾಚಿದರು. ನಾನು ಬಾಯಿಗಿಟ್ಟೆ.

"ಹೇಗಿದೆ?"

"ಚೆನ್ನಾಗಿದೆ."

"ನಿನ್ನ ಗಂಡನ ಹಾಗೆ ಹೇಳ್ಬೇಡ. ಸರಿಯಾಗಿ ಹೇಳು."

ನಾನು ಕಣ್ಣು ಮುಚ್ಚಿದೆ. "ಮೊದಲು ಹುಳಿ ಹಿಡಿಯುತ್ತೆ. ಸಿಹಿ ಆಮೇಲೆ ಬರುತ್ತೆ, ಆದ್ರೆ ನಿಲ್ಲಲ್ಲ."

"ಎಲ್ಲಿ ಹಿಡಿಯುತ್ತೆ? ನಾಲಿಗೆಗಾ, ಗಂಟಲಿಗಾ?"

"ಗಂಟಲಿಗೆ."

"ಹಾಗಾದ್ರೆ ಸಕ್ಕರೆ ಇನ್ನೆರಡು ಹಿಡಿ, ಉಪ್ಪು ಒಂದು ಚಿಟಿಕೆ," ಎಂದು ತಾವೇ ಹಾಕಿದರು.

ಸಂತೆಯ ದಿನ ಟೈಲರಮ್ಮ ನಮ್ಮನ್ನು ನೋಡಿಯೂ ನೋಡದವಳಂತೆ ಹೋಗುತ್ತಿದ್ದಳು. ಅತ್ತೆ ಕೂಗಿ ಕರೆದರು. ಯಾರ ಮುಂದೆಯೂ ತಪ್ಪೊಪ್ಪಿಕೊಂಡು ಗೊತ್ತಿಲ್ಲದ ಹೆಂಗಸು, ಅಷ್ಟು ಜನರ ಎದುರು, "ಅವತ್ತು ನೀನು ಹೇಳಿದ್ದೇ ಸರಿ. ನನ್ನ ನಾಲಿಗೆ ಕೆಟ್ಟಿದೆ. ಈಗ ರುಚಿ ನೋಡೋದು ನನ್ನ ಸೊಸೆ," ಎಂದು ಹೊಸ ಬಾಟಲಿಯ ಮುಚ್ಚಳ ತೆಗೆದರು.

ಟೈಲರಮ್ಮ ಅಂಗೈಗೆ ಒಂದು ತೊಟ್ಟು ಹಾಕಿಸಿಕೊಂಡು ನೆಕ್ಕಿದಳು. ಗಂಟಿಕ್ಕಿದ್ದ ಹುಬ್ಬು ಸಡಿಲಾಯಿತು. ಮತ್ತೊಮ್ಮೆ ಅಂಗೈ ಚಾಚಿದಳು.

ಅತ್ತೆ ಅವಳ ಮುಖವನ್ನೇ ನೋಡುತ್ತಿದ್ದರು. ಆಮೇಲೆ, ಏನೂ ತಿನ್ನದೆಯೇ, ಬಾಯಿ ಚಪ್ಪರಿಸಿ ನನ್ನ ಕಡೆ ತಿರುಗಿದರು.

"ಹಾಂ, ಈಗ ಸರಿಯಾಗಿದೆ."