ಏಲಕ್ಕಿ ವಾಸನೆ

ರೇಣುಕಾದೇವಿ ಗಂಜಿಯ ಬಟ್ಟಲು ಹಿಡಿದು ಬಗ್ಗಿದಾಗ ಅವಳ ಬಾಯಿಂದ ಇವತ್ತೂ ಏಲಕ್ಕಿ ವಾಸನೆ ಬಂತು. ಗಂಡ ಸಿದ್ದಲಿಂಗೇಶ ಮುಖ ತಿರುಗಿಸಿದ.

"ಎಲ್ಲಿ ಹೋಗಿದ್ದಿ?"

"ಹಾಲು ತರಾಕ ಹೋಗಿದ್ನಿರಿ."

ಹಾಲಿನ ಅಂಗಡಿ ಓಣಿಯ ತುದಿಯಲ್ಲೇ ಇತ್ತು. ಅಷ್ಟಕ್ಕೆ ಇಷ್ಟು ಹೊತ್ತೇ? ಅವನು ಮತ್ತೆ ಕೇಳಲಿಲ್ಲ. ಬಾಯಿಯ ಕ್ಯಾನ್ಸರಿಗೆ ಅರ್ಧ ದವಡೆ ತೆಗೆದ ಮೇಲೆ ನಾಲ್ಕು ಮಾತಾಡಿದರೆ ಜೊಲ್ಲು ಸುರಿಯುತ್ತಿತ್ತು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವನ ಮಂಚದ ಪಕ್ಕ ನೆಲದ ಮೇಲೆ ಮಲಗಿ, ಮೂಗಿನ ನಳಿಕೆಯಲ್ಲಿ ಹಾಲು ಬಿಟ್ಟು ಉಳಿಸಿಕೊಂಡವಳು ಅವಳೇ. ಆ ನೆನಪೇ ಈಗ ಸಂಶಯಕ್ಕೆ ಗಾಳಿ ಹಾಕುತ್ತಿತ್ತು. ಕನ್ನಡಿಯಲ್ಲಿ ಈ ಮುಖ ನೋಡಲು ತನಗೇ ಆಗುತ್ತಿಲ್ಲ, ಎಲ್ಲ ಹತ್ತಿರದಿಂದ ಕಂಡ ಅವಳಿಗೆ ಹೇಸಿಕೆ ಬರದೆ ಇರುತ್ತದೆಯೇ? ಮನೆಯಲ್ಲಿ ಅವನ ಜೊತೆ ಎರಡು ಸೌಟು ಗಂಜಿ ಕುಡಿದು ಏಳುವವಳ ಕೆನ್ನೆ ಮಾತ್ರ ಸೊರಗಿರಲಿಲ್ಲ. ಹೊರಗಿಂದ ಬರುವಾಗ ಸಾಬೂನು ಹಚ್ಚಿ ಕೈ ಬಾಯಿ ತೊಳೆದುಕೊಂಡೇ ಬರುತ್ತಿದ್ದಳು.

ಸಂಜೆ ನೋಡಲು ಬಂದ ತಮ್ಮ ಪಂಪಾಪತಿ ಗಾಯಕ್ಕೆ ಉಪ್ಪು ಸವರಿ ಹೋದ. "ವೈನಿ ದಿನಾ ಆ ಆಟೋ ಮಕ್ಬುಲಸಾಬನ ಮನಿಗೆ ಯಾಕ ಹೊಕ್ಕಾರೋ, ಅಣ್ಣ? ಓಣ್ಯಾಗ ಮಂದಿ ಮಾತಾಡಾಕತ್ತಾರ."

ಮರುದಿನ ಅವಳು ಹಾಲಿನ ಗಿಂಡಿ ಹಿಡಿದು ಹೊರಟಾಗ, ಸಿದ್ದಲಿಂಗೇಶ ಮುಖಕ್ಕೆ ಟವೆಲ್ ಸುತ್ತಿಕೊಂಡು ಹಿಂದೆಯೇ ನಡೆದ. ಅವಳು ಹಾಲಿನ ಅಂಗಡಿ ದಾಟಿ, ಹಿಟ್ಟಿನ ಗಿರಣಿ ದಾಟಿ, ಮಕ್ಬುಲಸಾಬನ ಬಾಗಿಲಿನ ಪರದೆ ಸರಿಸಿ ಒಳಗೆ ಹೋದಳು. ಆಟೋ ಬಾಗಿಲಲ್ಲೇ ನಿಂತಿತ್ತು. ಅವನು ಗೋಡೆ ಹಿಡಿದುಕೊಂಡು ಹತ್ತಿರ ಬಂದರೆ, ಆಟೋದ ಹಿಂದಿನ ಸೀಟಿನಲ್ಲಿ ಕಾಲು ಹೊರಚಾಚಿ ಮಕ್ಬುಲಸಾಬ ಗೊರಕೆ ಹೊಡೆಯುತ್ತಿದ್ದ.

ಪರದೆ ಸರಿಸಿದ. ಒಲೆಯ ಮುಂದೆ ಮಕ್ಬುಲಸಾಬನ ಹೆಂಡತಿ ಅನೀಸಾ ಒಗ್ಗರಣೆ ಹಾಕುತ್ತಿದ್ದಳು. ರೇಣುಕಾದೇವಿ ನೆಲದ ಮೇಲೆ ಕೂತು ಗರಿಗರಿ ಕಟಕ ರೊಟ್ಟಿಗೆ ಕೆಂಪು ಚಟ್ನಿ ಹಚ್ಚಿಕೊಂಡು ಗಬಗಬ ತಿನ್ನುತ್ತಿದ್ದಳು. ಖಾರಕ್ಕೆ ಕಣ್ಣು ಮೂಗು ಎಲ್ಲ ಸುರಿಯುತ್ತಿತ್ತು. ತಟ್ಟೆಯ ಪಕ್ಕ, ಆಮೇಲೆ ಅಗಿಯಲೆಂದು, ಎರಡು ಏಲಕ್ಕಿ ಇದ್ದವು.

ಘಾಟು ಬಡಿದು ಅವನಿಗೆ ಕೆಮ್ಮು ಬಂತು. ಅವಳು ಬೆಚ್ಚಿ ತಟ್ಟೆಗೆ ಸೆರಗು ಮುಚ್ಚಿದಳು.

"ಒಳಗ ಬರಬ್ಯಾಡ್ರಿ, ಬಾಯಿ ಉರಿತೈತಿ ನಿಮಗ!"

ಅನೀಸಾ ಎದ್ದು ನಿಂತಳು. "ನಾನಾ ಕರದೀನ್ರಿ, ಅಣ್ಣಾರ. ನಿಮ್ಮ ಮುಂದ ರೊಟ್ಟಿ ಮುರಿಯಾಕ ಆಕಿಗೆ ಮನಸ ಬರೂದಿಲ್ಲಂತ. ಹಸದು ಕಟ್ಟಿ ಮ್ಯಾಲ ಕುಂತು ಅಳಾಕತ್ತಿದ್ಲು."

ರೇಣುಕಾದೇವಿ ಅವನನ್ನು ನೋಡಿದಳು. ಅವನ ಮುಖದ ಟವೆಲ್ಲನ್ನು ನೋಡಿದಳು. ಹೊರಗಿನ ಆಟೋದ ಕಡೆ ಅವಳ ಕಣ್ಣು ಹೋಗಿ ತಿರುಗಿ ಬಂತು.

"ನನ್ನ ಬೆನ್ನ ಹತ್ತಿ ಬಂದ್ರೇನು?"

ಅವಳು ತಲೆ ತಗ್ಗಿಸಿದಳು. ಎಂಜಲು ಕೈ ಹಾಗೇ ಒಣಗತೊಡಗಿತು.

"ಉಣ್ಣು" ಎಂದ.

ಅವಳು ಅಲುಗಲಿಲ್ಲ.

ಸಿದ್ದಲಿಂಗೇಶ ಹೊಸ್ತಿಲ ಹೊರಗೆ, ಬೀದಿಗೆ ಮುಖ ಮಾಡಿ ಕೂತ. ಅನೀಸಾ ಒಲೆ ಆರಿಸಿದಳು. ಬಿಸಿಲಲ್ಲಿ ಒಂದು ಕೋಳಿ ಮಣ್ಣು ಕೆದರುತ್ತಿತ್ತು. ಬಹಳ ಹೊತ್ತಿನ ಮೇಲೆ ಬೆನ್ನ ಹಿಂದೆ ರೊಟ್ಟಿ ಮುರಿದ ಸದ್ದಾಯಿತು. ಅವನು ತಿರುಗಿ ನೋಡಲಿಲ್ಲ.